ಹಾಲಿನ ಗಡಿಗೆಯ ರೂಪಾಯಿ

ದೊಡ್ಡಮ್ಮನ ಬಲಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು, ಎದುರಿದ್ದವರ ಮಾತನ್ನು ತೂಗುತ್ತಿರುವ ಹಾಗೆ. ನಾನು ಸಕ್ಕರೆ ತಂದುಕೊಟ್ಟರೂ ದಾರಿಯಲ್ಲಿ ಎಷ್ಟು ಮುಕ್ಕಿದೆನೋ ಎಂದು ನನ್ನ ಬಾಯಿ ನೋಡುತ್ತಿದ್ದಳು. ಮಳವಳ್ಳಿ ಸಂತೆಯಲ್ಲಿ ಚಿಲ್ಲರೆ ಕೊಟ್ಟರೆ ಒಂದೊಂದು ನಾಣ್ಯವನ್ನೂ ಕಲ್ಲಿಗೆ ಬಡಿದು ಸದ್ದು ಕೇಳುವಳು. ಈಗಿನ ಹತ್ತು ರೂಪಾಯಿ ನಾಣ್ಯವನ್ನಂತೂ ಮುಟ್ಟುತ್ತಲೇ ಇರಲಿಲ್ಲ. "ಬೆಳ್ಳಿ ಓದ್ಮೇಲೆ ದುಡ್ನ ನಂಬಬ್ಯಾಡ ಕಣ್ಲಾ" ಎನ್ನುತ್ತಿದ್ದಳು.

ನಂಬಿದ್ದು ಒಂದನ್ನೇ. ರಾಜನ ತಲೆಯಿದ್ದ ಆ ಹಳೆಯ ರೂಪಾಯಿ ಅವಳ ಅತ್ತೆಯದು. ಹಾಲು ಕೆಡದಿರಲೆಂದು ಗಡಿಗೆಯಲ್ಲಿ ಬೆಳ್ಳಿ ರೂಪಾಯಿ ಹಾಕಿಡುವುದು ಆ ಮನೆಯ ರೂಢಿ. ದೊಡ್ಡಮ್ಮ ಹೊಸ ಸೊಸೆಯಾಗಿದ್ದಾಗ ಒಂದು ದಿನ ಹಾಲು ಒಡೆಯಿತು. ಬೆಳ್ಳಿಯದನ್ನು ಎಗರಿಸಿ ಬೇರೆ ಹಾಕಿದ್ದೀಯ ಎಂದು ಅತ್ತೆ ಬೀದಿಗೆಲ್ಲ ಕೇಳುವಂತೆ ಕೂಗಾಡಿದಳಂತೆ. ಸಾಯುವವರೆಗೂ ಆಕೆ ಸೊಸೆಯನ್ನು ಕಳ್ಳಿ ಎಂದೇ ಕರೆದಳು. ಅದು ಅಪ್ಪಟ ಬೆಳ್ಳಿ, ಮುದುಕಿಗೇ ತಲೆ ಕೆಟ್ಟಿತ್ತು ಎನ್ನುತ್ತಿದ್ದ ದೊಡ್ಡಮ್ಮ ಆ ರೂಪಾಯಿಯನ್ನು ಮಾತ್ರ ಎಂದೂ ಕಲ್ಲಿಗೆ ಬಡಿದು ನೋಡಿದವಳಲ್ಲ.

ಮೊಮ್ಮಗನಿಗೆ ಬೆಳ್ಳಿ ಉಡಿದಾರ ಮಾಡಿಸಬೇಕೆಂದು ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ನನ್ನ ಜೊತೆ ಮಂಡ್ಯಕ್ಕೆ ಬಂದಳು. ಅಕ್ಕಸಾಲಿ ತಿರುಗಿಸಿ ನೋಡಿ ಅಯಸ್ಕಾಂತ ಹಿಡಿದ. ರೂಪಾಯಿ ಟಕ್ಕನೆ ಅಂಟಿಕೊಂಡಿತು. ಬೆಳ್ಳಿಯಾದರೆ ಅಂಟುವುದಿಲ್ಲ ಎಂದ. ದೊಡ್ಡಮ್ಮ ಮೊದಲು ಅವನ ಕೈ ನೋಡಿದಳು, ಆಮೇಲೆ ನನ್ನ ಜೇಬು. ಕೊನೆಗೆ ಸಿಕ್ಕಿದವಳು ಮನೆಯಲ್ಲಿದ್ದ ಸೊಸೆ.

"ಆಲಿನ ಗಡಿಗೆ ತೊಳ್ಯೋಳು ಅವಳೇಯ. ಚಿಕ್ಕರಸಿನಕೆರೆಗೆ, ತೌರಿಗೆ ಸಾಗಿಸವ್ಳೆ. ಇವತ್ತೇ ಮನೆಯಿಂದ ಆಚೆಗಾಕ್ತೀನಿ."

ಯಾರೂ ಬದಲಾಯಿಸಿಲ್ಲ ಎಂದು ಅಕ್ಕಸಾಲಿ ರೂಪಾಯಿಯ ಮೇಲಿನ ಇಸವಿ ತೋರಿಸಿದ. ಯುದ್ಧದ ಕಾಲದಲ್ಲಿ ಸರ್ಕಾರವೇ ಬೆಳ್ಳಿ ಕಡಿಮೆ ಮಾಡಿತಂತೆ, ಆಮೇಲೆ ಪೂರ್ತಿ ಬಿಟ್ಟು ಈ ಇಸವಿಯದನ್ನು ನಿಕ್ಕಲ್‌ನಲ್ಲೇ ಅಚ್ಚು ಹಾಕಿತಂತೆ. ರಾಜನ ತಲೆ ಮಾತ್ರ ಹಾಗೇ ಇತ್ತು.

"ನಮ್ಮತ್ತೆ ಕೈಗೆ ಬಂದಾಗ್ಲೂ ಇಂಗೇ ಇತ್ತಾ?"

"ಇಂಗೇ ಇತ್ತು ಕಣವ್ವ."

ದೊಡ್ಡಮ್ಮ ಅಂಗಡಿಯ ಬೆಂಚಿನ ಮೇಲೆ ಕೂತು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನನಗೂ ತಡೆಯಲಾಗಲಿಲ್ಲ. ಮನೆ ಮುಟ್ಟಿದ ಕೂಡಲೇ ದೊಡ್ಡಮ್ಮ ಸೊಸೆಯನ್ನು ಕರೆದು ಪೆಟ್ಟಿಗೆಯ ಬೀಗದ ಕೈ ಕೊಟ್ಟಳು. ಯಾಕೆಂದು ಹೇಳಲಿಲ್ಲ.

ಹೋದ ವರ್ಷ ದೊಡ್ಡಮ್ಮ ತೀರಿಕೊಂಡಳು. ತಿಥಿಗೆ ಬಂದವರಿಗೆಲ್ಲ ಸೊಸೆ ಅಳುತ್ತ ಹೇಳುತ್ತಿದ್ದಳು: "ಊರ್ನೆಲ್ಲಾ ಅನುಮಾನಿಸ್ತಿದ್ಲು ನಮ್ಮತ್ತೆ. ನನ್ನ ಮಾತ್ರ ಒಂದಿನಾನೂ ಅನುಮಾನಿಸ್ಲಿಲ್ಲ."

ಹೌದು ಕಣಮ್ಮ, ನಾನೇ ಸಾಕ್ಷಿ ಎಂದೆ.