ಕೋಳಿ ಮುಟ್ಟದ ಕಾಳು

ಮಗಳು ಹನ್ನೆರಡು ದಿನದ ಕೂಸನ್ನು ಎತ್ತಿಕೊಂಡು ಇವತ್ತು ಬೆಳಿಗ್ಗೆ ಬಾಣಂತನಕ್ಕೆ ಬಂದಳು. ಬಂದದ್ದು ಈ ಮನೆಗೇ, ಒಂದು ತೊಲೆಯೂ ಕದಲದ ನಮ್ಮ ಮನೆಗೇ. ಹೆಣ್ಣುಕೂಸು, ನನ್ನ ಮೊದಲ ಮೊಮ್ಮಗಳು. ಆ ಸಂಭ್ರಮದಲ್ಲಿ ಮೂರು ಸಲ ಹಾಲು ಉಕ್ಕಿಸಿ ಚೆಲ್ಲಿದೆ. ಸೊಸೆ ನಗುತ್ತಲೇ ಒಲೆ ಒರೆಸಿದಳು.

ಹೋದ ವಾರದವರೆಗೆ ಕೂಸು ಪಾವಗಡದಲ್ಲಿ, ಅದರ ಅಪ್ಪನ ಮನೆಯಲ್ಲೇ ಇರುವುದೆಂದು ತೀರ್ಮಾನವಾಗಿತ್ತು. ಗೆದ್ದಲಿಗೆ ಔಷಧಿ ಹೊಡೆಯುವವನೊಬ್ಬನನ್ನು ಮಗ ಕರೆತಂದಿದ್ದ. ಅವನು ಹಿತ್ತಲಿನ ಹುತ್ತ ನೋಡಿದ, ಮಗ ಹೋದ ವರ್ಷ ತಂದಿದ್ದ ಹಳೇ ಮರದ ಬೀರುವನ್ನು ಬಡಿದು ನೋಡಿದ. ಹುತ್ತದ ಹುಳ ಮನೆಗೆಲ್ಲ ಹತ್ತಿದೆ, ಚಾವಣಿ ಬಿಚ್ಚಿ ನೆಲ ಕೊರೆಯಬೇಕು ಎಂದ.

"ಇಂಥದ್ರಲ್ಲಿ ಬಾಣಂತೀನ ಎಲ್ಲಿ ಮಲಗಿಸ್ತೀಯವ್ವ? ಅವಳು ಅಲ್ಲೇ ಇರ್ಲಿ ಬುಡು" ಎಂದ ಮಗ.

ಆ ಬೀರುವಿನ ಕೆಳಗೆ ರಾಗಿಯಂಥ ಕಾಳು ತಿಂಗಳುಗಟ್ಟಲೆ ಬೀಳುತ್ತಿತ್ತು. ರಾಗಿ ಚೀಲದ ಬಾಯಿ ಕಟ್ಟಿಲ್ಲವೆಂದು ನಾನು ಸೊಸೆಯನ್ನು ದೂರುತ್ತಿದ್ದೆ, ಅವಳು ನನ್ನನ್ನು ದೂರುತ್ತಿದ್ದಳು. ಗುಡಿಸಿ ಕೋಳಿಗೆ ಎಸೆಯುತ್ತಿದ್ದೆವು. ಅವತ್ತು ಬೇಜಾರಿನಲ್ಲಿ ಅಂಗಳದಲ್ಲೇ ಕೂತು ನೋಡಿದೆ. ನೆಲದ ಮೇಲೆ ಒಂದು ಕಾಳೂ ಬಿಡದ ನಮ್ಮ ಕೋಳಿಗಳು ಅದನ್ನು ಕೆದಕಿ, ಕೊಕ್ಕು ಒರೆಸಿಕೊಂಡು ಅತ್ತ ಹೋದವು. ಆಗ ನೆನಪಾದರು ಶಿರಾದ ಬಡಗಿ ಮೇಸ್ತ್ರಿ...

ನಾನು ಮದುವೆಯಾಗಿ ಬಂದ ಹೊಸತು. ಈ ಮನೆ ಕಟ್ಟುತ್ತಿದ್ದರು. ಎಲ್ಲೋ ಕೆಡವಿದ ಮನೆಯ ಮರವನ್ನು ಮಾವ ಗಾಡಿಯಲ್ಲಿ ತಂದು ಹಾಕಿದ್ದರು. ಮರದಡಿ ಉದುರಿದ್ದ ಕಾಳನ್ನು ಮೇಸ್ತ್ರಿ ಅಂಗೈಗೆ ಹಾಕಿಕೊಂಡು, ತಮ್ಮ ದಪ್ಪ ಕನ್ನಡಕ ತೆಗೆದು ಅದರ ಮೇಲೆ ಹಿಡಿದರು. ನನ್ನನ್ನೂ ಕರೆದು ತೋರಿಸಿದರು.

"ನೋಡಮ್ಮಾ, ರಾಗಿ ಗುಂಡಗಿರ್ತದೆ. ಇದು ಉದ್ದ, ಮೈಗೆ ಆರು ಮಗ್ಗುಲು. ಗೆದ್ದಲಿನ ಹಿಕ್ಕೆ ಇದು."

ಹುತ್ತದ ಗೆದ್ದಲು ನೆಲದ್ದಂತೆ, ಎಲ್ಲಿಗೆ ಹೋದರೂ ಮಣ್ಣಿನ ದಾರಿ ಕಟ್ಟಿಕೊಂಡೇ ಹೋಗುತ್ತದಂತೆ. ಇದು ಬೇರೆ ಜಾತಿ. ಮಣ್ಣಿನ ಹಂಗಿಲ್ಲದೆ ಮರದೊಳಗೇ ಸಂಸಾರ ಮಾಡಿಕೊಂಡು ಕಾಳು ಉದುರಿಸುತ್ತದೆ. ಮಣ್ಣು ಕಂಡರೆ ನೆಲ ನೋಡು, ಕಾಳು ಕಂಡರೆ ಆ ಮರ ನೋಡು ಎಂದರು.

ಮಾವನಿಗೆ ರೇಗಿತು. "ಮರ ಕೆತ್ತೋಕೆ ಕರ್ಸಿದ್ದು ಸಾಬ್ರೇ, ಹುಳದ ಜಾತಕ ಬರೆಯೋಕಲ್ಲ."

"ಈ ಮರಕ್ಕೆ ನನ್ ಉಳಿ ಹಾಕಲ್ಲ ಗೌಡ್ರೇ. ನಾಳೆ ಇದರ ಕೆಳಗೆ ಮಕ್ಳು ಮಲಗ್ತಾವೆ."

ಅಷ್ಟೇ ಮಾತು. ಚೀಲ ಹೆಗಲಿಗೇರಿಸಿ ಶಿರಾ ಬಸ್ಸು ಹತ್ತಿಯೇಬಿಟ್ಟರು. ಎಂಟು ದಿನ ಮೀಸೆ ತಿರುವಿದ ಮಾವ, ಒಂಬತ್ತನೆಯ ದಿನ ತಾವೇ ಹೋಗಿ ಕರೆತಂದರು. ಆಮೇಲೆ ಬೇವಿನ ತೊಲೆ ಏರಿದವು.

ಔಷಧಿಯವನು ಮತ್ತೆ ಬಂದಾಗ ಬಾಗಿಲಲ್ಲೇ ತಡೆದೆ. "ಹುತ್ತದ ಹುಳ ಅಂತೀಯಲ್ಲಪ್ಪ, ಮಣ್ಣಿನ ದಾರಿ ಎಲ್ಲೈತೆ ತೋರ್ಸು."

"ಅಜ್ಜಿ, ನಾವು ಟ್ರೈನಿಂಗ್ ತಗೊಂಡಿದ್ದೀವಿ. ನಿಮ್ಗೆ ಗೊತ್ತಾಗಲ್ಲ."

"ನಂದು ಮೂರನೇ ಕ್ಲಾಸು ಕಣಪ್ಪ. ಮಣ್ಣು ಯಾವ್ದು ಅನ್ನೋದು ಗೊತ್ತಾಗ್ತದೆ."

ಏಣಿ ಹಾಕಿಸಿ ತೊಲೆತೊಲೆಗೂ ಟಾರ್ಚು ಬಿಡಿಸಿದೆ. ಒಂದು ಗೆರೆ ಮಣ್ಣೂ ಸಿಗಲಿಲ್ಲ. ಮುಂದೆ ಏನಾದರೂ ಆದರೆ ನನ್ನನ್ನು ಕೇಳಬೇಡಿ ಎಂದು ಅವನು ಗಾಡಿ ಹತ್ತಿದ.

"ಮನೆ ಬಿದ್ರೆ ಏನ್ ಮಾಡ್ತೀಯವ್ವ?" ಎಂದು ಮಗ ಕೂಗಾಡಿದ.

"ಬಿದ್ರೆ ನನ್ ಮೇಲೇ ಬೀಳ್ಲಿ ಕಣ್ಲಾ. ನೀನು ಶಿರಾಕ್ಕೆ ಹೋಗಿ ಆ ಮೇಸ್ತ್ರೀನ ಕರ್ಕೊಂಡ್ ಬಾ."

ಬಂದದ್ದು ಮೇಸ್ತ್ರಿಯ ಮಗ. ಅವರು ತೀರಿಕೊಂಡು ನಾಲ್ಕು ವರ್ಷವಂತೆ... ಇಷ್ಟು ಹತ್ತಿರ ಇದ್ದೂ ನನಗೆ ತಿಳಿದಿರಲಿಲ್ಲ.

ಅವನು ಬೀರುವನ್ನು ಬಯಲಿಗೆ ಸಾಗಿಸಿ ಕೊಡಲಿ ಹಾಕಿದ. ಹೊರಗೆ ಮಿರಮಿರ ಮಿಂಚುವ ಹಲಗೆ, ಒಳಗೆಲ್ಲ ಪೊಳ್ಳು. ಬಿಳಿ ಹುಳ ಗಿಜಿಗುಟ್ಟುತ್ತಿತ್ತು. ಅಲ್ಲೇ ಸುಟ್ಟೆವು. ಆಮೇಲೆ ಒಂದೊಂದು ತೊಲೆಯನ್ನೂ ಉಳಿಯ ಹಿಡಿಯಿಂದ ತಟ್ಟಿ, "ನಮ್ ಅಬ್ಬಾ ಮಾಡಿದ ಕೆಲ್ಸ, ಗಟ್ಟಿ ಐತಮ್ಮಾ" ಎಂದ. ಮಗ ಆ ಗಳಿಗೆಯಲ್ಲೇ ತಂಗಿಗೆ ಫೋನು ಮಾಡಿದ.

ಹೇಳಿದ್ದಂತೆ ಮೇಸ್ತ್ರಿಯ ಮಗ ಇವತ್ತು ಸಂಜೆ ಇನ್ನೊಂದು ಸಲ ನೋಡಿ ಹೋಗಲು ಬಂದ. ಎಲ್ಲೂ ಒಂದು ಕಾಳೂ ಬಿದ್ದಿರಲಿಲ್ಲ. ಅಷ್ಟರಲ್ಲಿ ಸೊಸೆ ನಡುಮನೆಯಲ್ಲಿ ಎಲೆ ಹಾಸಿದ್ದಳು. ಬಾ ಎಂದರೆ ಅವನು ಜಗಲಿಯ ಮೇಲೆ ಕೂತುಬಿಟ್ಟ.

"ಇಲ್ಲೇ ಕೊಡಿ ಅಮ್ಮಾ. ಅಬ್ಬಾ ಹೇಳ್ತಿದ್ರು, ಗೌಡ್ರ ಮನೇಲಿ ನಮ್ಗೆ ಊಟ ಜಗಲಿ ಮೇಲೆ ಅಂತ."

ಸುಳ್ಳಲ್ಲ. ಈ ಮನೆಯ ಒಂದೊಂದು ಮರವನ್ನೂ ಎತ್ತಿ ನಿಲ್ಲಿಸಿದವರು ಅವರು. ಅಷ್ಟು ದಿನವೂ ಜಗಲಿಯಲ್ಲೇ ಉಂಡರು. ಬಡಿಸಿದ ಕೈ ನನ್ನದೇ. ಮಾವನ ಎದುರು ನನಗೆ ಬಾಯಿ ಬರಲಿಲ್ಲ... ಅದನ್ನು ಇನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

"ಏಳಪ್ಪ, ಒಳಕ್ಕೆ ಬಾ. ಈಗ ಇಲ್ಲಿ ನಂದೇ ಮಾತು."

ಮಗ ಪಕ್ಕಕ್ಕೆ ಸರಿದು ಜಾಗ ಮಾಡಿದ. ಸೊಸೆ ಇನ್ನೊಂದು ಎಲೆ ಹಾಕಿದಳು. ಮಗಳು ಕೂಸನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿ ತನ್ನ ಮೆಣಸಿನ ಸಾರು ಅನ್ನ ಕಲಸಿದಳು. ನಾನು ಅವರೆಕಾಳಿನ ಸಾರನ್ನು ಮೊದಲು ಮೇಸ್ತ್ರಿಯ ಮಗನಿಗೆ ಬಡಿಸಿದೆ, ಆಮೇಲೆ ನನ್ನ ಮಗನಿಗೆ.