ದನಿಯಕ್ಕನ ಎಂಟನೆಯ ಕವಲು

"ಬಾಗಿಲು ಮುಚ್ಚುತ್ತಿದೆ, ದಯವಿಟ್ಟು ದೂರ ನಿಲ್ಲಿ" ಎಂದು ಲಿಫ್ಟಿನೊಳಗೆ ಹೇಳುವ ಹೆಂಗಸಿನ ದನಿಯನ್ನು ಆ ಊರಿನಲ್ಲಿ ಕೇಳದವರೇ ಇರಲಿಲ್ಲ. ಅದು ಯಾರ ದನಿ ಎಂದು ಗೊತ್ತಿದ್ದವರು ಮಾತ್ರ ಬೆರಳೆಣಿಕೆಯಷ್ಟು. ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ಅವಳನ್ನು ಎಲ್ಲರೂ ದನಿಯಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸು ಐವತ್ತಾರು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ದಾರಿಯಲ್ಲೇ ನಿಂತುಹೋಗಿತ್ತು. ಮೂರನೆಯ ಮಹಡಿಯ ಎರಡು ಕೋಣೆಗಳ ಮನೆಯಲ್ಲಿ ಒಬ್ಬಳೇ ಇದ್ದಳು. ತಾಯಿ ತೀರಿಕೊಂಡ ಮೇಲೆ ತನ್ನವರು ಎಂದು ಉಳಿದವನು ಒಬ್ಬ ತಮ್ಮ. ಅವನೂ ಫೋನ್ ಮಾಡುತ್ತಿದ್ದದ್ದು ಅಪರೂಪಕ್ಕೆ.

"ಅಕ್ಕಾ, ನಮ್ಮ ಆಫೀಸಿನ ಲಿಫ್ಟಲ್ಲಿ ದಿನಾ ನಿನ್ನ ದನಿ ಕೇಳ್ತೀನಲ್ಲ, ನಿನ್ ಹತ್ರ ಮಾತಾಡಿದ ಹಾಗೇ ಆಗ್ಬಿಡತ್ತೆ. ಅದಕ್ಕೇ ಫೋನ್ ಮಾಡೋದು ಮರೆತುಹೋಗತ್ತೆ ನೋಡು" ಎಂದು ಒಮ್ಮೆ ನಕ್ಕಿದ್ದ.

ಅವಳೂ ನಕ್ಕಳು. ನನ್ನ ಮಾತು ನಿನಗೆ ಕೇಳಿಸಿತು ಸರಿ ಕಣೋ, ನಿನ್ನ ಮಾತು ನನಗೆ ಕೇಳಿಸಬೇಡವಾ ಎನ್ನಬೇಕಿತ್ತು ಎಂದು ಹೊಳೆದದ್ದು ಫೋನ್ ಇಟ್ಟ ಮೇಲೆ.

ಮೂವತ್ತನಾಲ್ಕರ ವಯಸ್ಸಿನಲ್ಲಿ ಅವಳಿಗೆ ಒಂದು ದೊಡ್ಡ ಕೆಲಸ ಸಿಕ್ಕಿತ್ತು. ಕಂಪ್ಯೂಟರಿನಲ್ಲಿ ಆಡುವ ಪತ್ತೇದಾರಿ ಆಟವೊಂದರ ನಾಯಕಿಗೆ ದನಿ ಕೊಡುವ ಕೆಲಸ. ಗಡಿಯಾರ ರಿಪೇರಿ ಮಾಡುವವನೊಬ್ಬ ತನ್ನ ಅಂಗಡಿಯಲ್ಲೇ ಸತ್ತು ಬಿದ್ದಿರುತ್ತಾನೆ. ಕೊಂದವರು ಯಾರೆಂದು ಪತ್ತೇದಾರಿಣಿ ಹುಡುಕಬೇಕು. ಯಾರನ್ನು ಏನು ಕೇಳಬೇಕೆಂದು ಆರಿಸುವುದು ಆಡುವವರ ಕೈಯಲ್ಲಿತ್ತು. ಒಂದು ಪ್ರಶ್ನೆ ಆರಿಸಿದರೆ ಕತೆ ಒಂದು ಕಡೆ ಕವಲೊಡೆಯುತ್ತಿತ್ತು, ಇನ್ನೊಂದಾದರೆ ಇನ್ನೊಂದು ಕಡೆ. ಏಳು ಕವಲು, ಏಳು ಕೊನೆ, ಒಂದೊಂದರಲ್ಲೂ ಒಬ್ಬೊಬ್ಬ ಕೊಲೆಗಾರ.

ಕಿಟಕಿಯಿಲ್ಲದ, ಗೋಡೆಗೆ ಸ್ಪಂಜು ಮೆತ್ತಿದ ಕೋಣೆಯಲ್ಲಿ ಹದಿನಾಲ್ಕು ತಿಂಗಳು ನಿಂತು ಅವಳು ಅಷ್ಟೂ ಕವಲುಗಳ ಮಾತನ್ನು ಹೇಳಿ ಮುಗಿಸಿದ್ದಳು. ಎದುರಿಗೆ ಯಾರೂ ಇರುತ್ತಿರಲಿಲ್ಲ. ಉಳಿದ ಪಾತ್ರಗಳ ಉತ್ತರ ಪರದೆಯ ಮೇಲೆ ಬರಿಯ ಅಕ್ಷರಗಳಾಗಿ ಬರುತ್ತಿದ್ದವು. ಅವಕ್ಕೆ ದನಿಯೇ ಇರಲಿಲ್ಲ. ಕೇಳುವುದು, ಸುಮ್ಮನಾಗುವುದು, ಮತ್ತೆ ಕೇಳುವುದು, ಇಷ್ಟೇ ಅವಳ ಕೆಲಸ. ಆಟ ಹೆಸರು ಮಾಡಿತು. ಆಮೇಲೆ ಅದನ್ನು ಮಾಡಿದ ಕಂಪನಿ ಮುಚ್ಚಿತು. ಬರೆದವರು ಎಲ್ಲೆಲ್ಲಿಗೋ ಚದುರಿಹೋದರು.

ಆ ಕೆಲಸ ಸಿಕ್ಕಿ ಇಪ್ಪತ್ತೆರಡು ವರ್ಷಗಳಾದ ಮೇಲೆ ಒಂದು ಬೆಳಗ್ಗೆ ಮನೆಯ ಬಾಗಿಲು ಬಡಿದ ಹೆಂಗಸಿಗೆ ಮೂವತ್ತು ದಾಟಿತ್ತೋ ಇಲ್ಲವೋ. ಹೆಗಲಿಗೆ ಒಂದು ಚೀಲ, ಮುಖದಲ್ಲಿ ಸಂಕೋಚ.

"ನೀವು ದನಿ ಕೊಟ್ಟಿದ್ದ ಆ ಪತ್ತೇದಾರಿ ಆಟಾನ ಟೀವಿಗೆ ಅನಿಮೇಷನ್ ಧಾರಾವಾಹಿ ಮಾಡ್ತಿದೀವಿ. ನಾನೇ ನಿರ್ದೇಶನ ಮಾಡ್ತಿರೋದು. ಚಿಕ್ಕವಳಿದ್ದಾಗ ಬರೀ ನಿಮ್ಮ ದನಿ ಕೇಳೋಕೇ ಆ ಆಟ ಆಡ್ತಿದ್ದೆ. ಈಗ ನೋಡಿದ್ರೆ ಮೂಲ ಬರಹ ಎಲ್ಲೂ ಉಳಿದಿಲ್ಲ. ನಿಮಗೇನಾದ್ರೂ ನೆನಪಿದೆಯಾ?"

ದನಿಯಕ್ಕ ಮಂಚದ ಕೆಳಗಿನ ಟ್ರಂಕನ್ನು ಎಳೆದಳು. ಅದರಲ್ಲಿ ನಾಲ್ಕು ಕಟ್ಟು ಹಾಳೆಗಳಿದ್ದವು. ಎಲ್ಲಿ ಉಸಿರು, ಎಲ್ಲಿ ತಡೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿದ್ದ ಅವಳ ಪ್ರತಿ ಅದು. ನಿರ್ದೇಶಕಿ ನೆಲದ ಮೇಲೇ ಕುಕ್ಕರಿಸಿಬಿಟ್ಟಳು.

ಮಾರನೆಯ ದಿನದಿಂದ ದನಿಯಕ್ಕ ಅವರ ಆಫೀಸಿಗೆ ಹೋಗತೊಡಗಿದಳು. ಒಂದು ಇಡೀ ಗೋಡೆಗೆ ಬಣ್ಣದ ಚೀಟಿಗಳನ್ನು ಅಂಟಿಸಿ ಕವಲಿನಿಂದ ಕವಲಿಗೆ ದಾರ ಎಳೆದಿದ್ದರು. ಕನ್ನಡಕವನ್ನು ತಲೆಯ ಮೇಲೇ ಇಟ್ಟುಕೊಂಡು ಕನ್ನಡಕ ಎಲ್ಲಿ ಎಂದು ಹುಡುಕುವ ಕತೆಗಾರನೊಬ್ಬ ಅದರ ಮುಂದೆ ಅತ್ತಿಂದಿತ್ತ ಓಡಾಡುತ್ತಿದ್ದ. ಟೀವಿಯಲ್ಲಿ ಆರಿಸುವವರು ಯಾರೂ ಇಲ್ಲ. ಎಲ್ಲರೂ ನೋಡುವುದು ಒಂದೇ ಕತೆ. ಹಾಗಾದರೆ ಏಳರಲ್ಲಿ ಯಾವುದನ್ನು ಉಳಿಸಿಕೊಳ್ಳುವುದು? ಕತೆಗಾರನ ಪ್ರಕಾರ ಕೊಂದವನು ಡಾಕ್ಟರು. ನಿರ್ದೇಶಕಿ ಚಿಕ್ಕಂದಿನಲ್ಲಿ ಹಿಡಿದದ್ದು ಮಹಡಿಯ ಬಾಡಿಗೆದಾರನನ್ನು. ವಾರವಾದರೂ ಜಗಳ ಹರಿಯಲಿಲ್ಲ.

"ನೀವೇ ಹೇಳಿ ಅಕ್ಕಾ, ನಿಜವಾದ ಕೊಲೆಗಾರ ಯಾರು?" ಎಂದು ಕತೆಗಾರ ಕೊನೆಗೆ ಅವಳ ಕಡೆ ತಿರುಗಿದ.

"ನನಗೇನು ಗೊತ್ತಪ್ಪಾ? 'ನೀವೇ ಕೊಂದಿದ್ದು' ಅಂತ ಒಂದೇ ಮಧ್ಯಾಹ್ನ ಏಳು ಜನಕ್ಕೆ ಹೇಳಿದೀನಿ. ಏಳು ಸಲಾನೂ ನಂಬಿಯೇ ಹೇಳಿದ್ದು." ಆಮೇಲೆ ಸ್ವಲ್ಪ ತಡೆದು, "ಆದ್ರೆ ಎಂಟನೇದೊಂದಿದೆ" ಎಂದಳು.

ಇಬ್ಬರೂ ಅವಳ ಮುಖವನ್ನೇ ನೋಡಿದರು. ಅವಳು ನಾಲ್ಕನೆಯ ಕಟ್ಟಿನ ತಳದಿಂದ ಆರು ಹಾಳೆ ತೆಗೆದಳು. ಸತ್ತವನಿಗೊಬ್ಬ ತಂಗಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಇರುವವಳು. ಆಡುವವರೆಲ್ಲ ಅವಳನ್ನು ಒಂದೆರಡು ಪ್ರಶ್ನೆ ಕೇಳಿ ಮುಂದಕ್ಕೆ ಹೋಗುತ್ತಿದ್ದರು. ಆದರೆ ದಿನವೂ ಅವಳ ಬಾಗಿಲಿಗೆ ಹೋಗಿ, ಕೊಲೆಯ ಸುದ್ದಿಯನ್ನೇ ಎತ್ತದೆ, "ಊಟ ಆಯ್ತಾ?" ಎಂದಷ್ಟೇ ಏಳು ದಿನ ಕೇಳಿದರೆ, ಎಂಟನೆಯ ದಿನ ಅವಳೇ ಬಾಯಿ ಬಿಡುತ್ತಿದ್ದಳು. ಪತ್ತೇದಾರಿ ಆಟದಲ್ಲಿ ಏನನ್ನೂ ಪತ್ತೆ ಮಾಡದೆ ಸುಮ್ಮನೆ ಹೋಗಿ ಬರುವವರು ಯಾರು? ಆ ಕವಲಿಗೆ ಯಾರೂ ತಲುಪಿರಲಿಲ್ಲ.

ತಂಗಿಯ ಮಾತನ್ನು ದನಿಯಕ್ಕ ಓದಿದಳು. ಅಷ್ಟು ವರ್ಷ ಬರಿಯ ಅಕ್ಷರವಾಗಿ ಉಳಿದಿದ್ದ ಮಾತು ಅದು.

"ಅಣ್ಣನ್ನ ಯಾರೂ ಕೊಲ್ಲಲಿಲ್ಲ. ಗೋಡೆ ಗಡಿಯಾರಕ್ಕೆ ಕೀಲಿ ಕೊಡೋಕೆ ಸ್ಟೂಲ್ ಹತ್ತಿದ್ದ, ಜಾರಿ ಬಿದ್ದ. ಬಿದ್ದು ಸತ್ತ ಅಂದಿದ್ರೆ ಮೂರು ದಿನಕ್ಕೆ ಎಲ್ಲಾ ಮುಗೀತಿತ್ತು. ಕೊಲೆ ಅಂದ್ರೆ ಜನ ಬರ್ತಾರೆ. ನೀವೂ ಬಂದ್ರಲ್ಲ."



"ಎಂಟು ಕಂತು ನೋಡಿದವನಿಗೆ ಕೊನೆಗೆ ಕೊಲೆಗಾರನೇ ಇಲ್ಲ ಅಂದ್ರೆ ಟೀವಿ ಒಡೆದು ಹಾಕ್ತಾನೆ" ಎಂದ ಕತೆಗಾರ. ಹಾಗೆಂದವನೇ ಮೇಜು ಹತ್ತಿ ಗೋಡೆಯ ದಾರಗಳನ್ನು ಒಂದೊಂದಾಗಿ ಬಿಚ್ಚತೊಡಗಿದ. ಡಾಕ್ಟರು, ಬಾಡಿಗೆದಾರ ಮೊದಲಾದ ಏಳು ಮಂದಿಯ ಮೇಲೆ ಕಂತಿಗೊಬ್ಬರಂತೆ ಅನುಮಾನ ಹುಟ್ಟಿಸಿ, ಎಂಟನೆಯ ಕಂತಿನಲ್ಲಿ ತಂಗಿಯ ಬಾಗಿಲಿಗೆ ಬರುವುದೆಂದು ತೀರ್ಮಾನವಾಯಿತು.

ಆಮೇಲೆ ತಿಂಗಳುಗಟ್ಟಲೆ ದನಿಯಕ್ಕನಿಗೆ ಬೆಳಗಾದರೆ ಹೋಗಲು ಒಂದು ಜಾಗವಿತ್ತು. ಅವಳು ಬರುವುದು ತಡವಾದರೆ "ಎಲ್ಲಕ್ಕಾ ಇದೀರಿ?" ಎಂದು ಫೋನ್ ಬರುತ್ತಿತ್ತು. ಒಮ್ಮೆ ಆ ಫೋನಿಗೋಸ್ಕರವೇ ಬೇಕೆಂದು ಒಂದು ಬಸ್ಸು ಬಿಟ್ಟು ನಿಂತಿದ್ದಳು.

ಒಂದು ದಿನ ಜೆರಾಕ್ಸ್ ಯಂತ್ರದ ಮೇಲೆ ಯಾರೋ ಮರೆತು ಹೋಗಿದ್ದ ಹಾಳೆ ಕಣ್ಣಿಗೆ ಬಿತ್ತು. ಯಾವ ಪಾತ್ರಕ್ಕೆ ಯಾರ ದನಿ ಎಂಬ ಪಟ್ಟಿ. ಪತ್ತೇದಾರಿಣಿಯ ಎದುರಿಗೆ ಬೇರೆಯವಳ ಹೆಸರಿತ್ತು. ಇಪ್ಪತ್ತನಾಲ್ಕರ ಹುಡುಗಿ. ಪಟ್ಟಿಯ ಮೇಲಿದ್ದ ತಾರೀಖಿಗೆ ಮೂರು ವಾರವಾಗಿತ್ತು. ಅವಳು ಹಾಳೆಯನ್ನು ಇದ್ದಲ್ಲೇ ಇಟ್ಟು ಚೀಲ ತೆಗೆದುಕೊಂಡು ಮನೆಗೆ ಬಂದಳು. ಎರಡು ದಿನ ಯಾರ ಫೋನನ್ನೂ ಎತ್ತಲಿಲ್ಲ. ಪತ್ತೇದಾರಿಣಿಯ ದನಿ ಈ ಸಲವೂ ನನ್ನದೇ ಎಂದುಕೊಂಡಿದ್ದೆನಲ್ಲ, ಎಂಥ ಪೆದ್ದಿ ನಾನು ಎಂದು ತನ್ನ ಮೇಲೇ ಸಿಟ್ಟು ಬಂತು.

ಮೂರನೆಯ ದಿನ ನಿರ್ದೇಶಕಿ ಬಂದು ಬಾಗಿಲಲ್ಲೇ ನಿಂತಳು.

"ಹೇಳೋಕೆ ಧೈರ್ಯ ಬರ್ಲಿಲ್ಲ ಅಕ್ಕಾ. ನಾಯಕೀನ ಇಪ್ಪತ್ತೈದರವಳ ಹಾಗೆ ಬಿಡಿಸಿದೀವಿ. ನಿಮ್ಮ ದನಿ ಆ ಮುಖಕ್ಕೆ ಕೂತ್ಕೊಳ್ಳಲ್ಲ. ತಪ್ಪು ನಂದು, ಮೊದಲೇ ಹೇಳಬೇಕಿತ್ತು. ಆ ತಂಗಿ ಪಾತ್ರ ಮಾಡ್ತೀರಾ?"

 ದನಿಯಕ್ಕ ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟಳು. ಅವಳು ಕುಡಿದು ಮುಗಿಸುವವರೆಗೂ ಕಾದಳು.

"ಮಾಡ್ತೀನಿ. ಆದ್ರೆ ನಾನೊಬ್ಳೇ ನಿಂತು ಹೇಳಲ್ಲ. ಆ ಹುಡುಗಿ ನನ್ನ ಎದುರಿಗೆ ಇರಬೇಕು."

ಒಬ್ಬೊಬ್ಬರನ್ನೇ ಕರೆದು ರೆಕಾರ್ಡು ಮಾಡಿಕೊಳ್ಳುವುದು ಅಲ್ಲಿನ ಪದ್ಧತಿ. ಇಬ್ಬರನ್ನು ಒಟ್ಟಿಗೆ ನಿಲ್ಲಿಸಿದರೆ ಒಬ್ಬರ ದನಿ ಇನ್ನೊಬ್ಬರ ಮೈಕಿಗೆ ಬೀಳುತ್ತದೆಂದು ಸೌಂಡ್ ಇಂಜಿನಿಯರ್ ಗೊಣಗಿದ. ನಿರ್ದೇಶಕಿ ಪಟ್ಟು ಹಿಡಿದು ಅರ್ಧ ದಿನದ ಮಟ್ಟಿಗೆ ಅವನನ್ನು ಒಪ್ಪಿಸಿದಳು.

ಆ ಹುಡುಗಿ ಬಂದವಳೇ ದನಿಯಕ್ಕನ ಕಾಲು ಮುಟ್ಟಲು ಬಗ್ಗಿದಳು. "ಅಯ್ಯೋ, ಅದೆಲ್ಲ ಬೇಡಮ್ಮಾ, ಉಸಿರು ಹಾಳಾಗತ್ತೆ" ಎಂದು ದನಿಯಕ್ಕ ತಡೆದಳು. ಇಬ್ಬರೂ ಎರಡು ಮೈಕಿನ ಮುಂದೆ ಮುಖಾಮುಖಿ ನಿಂತರು. ಕೆಂಪು ದೀಪ ಹೊತ್ತಿಕೊಂಡಿತು.

"ಊಟ ಆಯ್ತಾ?" ಎಂದಳು ಹುಡುಗಿ.

ಹಾಳೆಯಲ್ಲಿ ಇದ್ದದ್ದು "ಆಯ್ತು" ಎಂಬ ಒಂದೇ ಪದ. ದನಿಯಕ್ಕ ಹಾಳೆಯಿಂದ ತಲೆ ಎತ್ತಿದಳು. ಊಟ ಆಯ್ತಾ ಎಂಬ ಆ ಪ್ರಶ್ನೆಯನ್ನು ಹಿಂದೆ ತಾನೇ ಎಷ್ಟು ಸಲ ಖಾಲಿ ಗೋಡೆಗೆ ಹೇಳಿದ್ದಳೋ. ಈಗ ಅದನ್ನು ಕೇಳಿದ ಹುಡುಗಿ ಎದುರಿಗೇ ನಿಂತು, ಕಣ್ಣು ಮಿಟುಕಿಸದೆ, ಉತ್ತರಕ್ಕೆ ನಿಜವಾಗಿಯೂ ಕಾಯುತ್ತಿದ್ದಳು. ಇಂಜಿನಿಯರ್ ರೆಕಾರ್ಡಿಂಗ್ ನಿಲ್ಲಿಸಲು ಗಾಜಿನಾಚೆಯಿಂದ ಕೈ ಎತ್ತಿದ. ನಿರ್ದೇಶಕಿ ಅವನ ಕೈಯನ್ನು ಹಿಡಿದು ಕೆಳಗಿಳಿಸಿದಳು.

"ಆಯ್ತು" ಎಂದಳು ದನಿಯಕ್ಕ, ಬಹಳ ಹೊತ್ತಿನ ಮೇಲೆ. ಆ ತಡೆಯನ್ನು ಕತ್ತರಿಸದೆ ಹಾಗೆಯೇ ಉಳಿಸಿಕೊಂಡರು.

ಎಂಟನೆಯ ಕಂತು ಬಂದದ್ದು ಒಂದು ಭಾನುವಾರ ಸಂಜೆ. ಎಲ್ಲರೂ ಆಫೀಸಿನಲ್ಲಿ ಕೂತು ನೋಡಿದರು. ಮುಗಿದ ಮೇಲೆ ಕತೆಗಾರ ಕನ್ನಡಕ ಹುಡುಕುವ ನೆಪದಲ್ಲಿ ಎದ್ದು ಹೊರಗೆ ಹೋದ. ಹುಡುಗಿಗೆ ಬೇರೆ ಊರಿನಲ್ಲಿ ಹೊಸ ಕೆಲಸ ಸಿಕ್ಕಿತ್ತು, ಮಾರನೆಯ ದಿನವೇ ಹೊರಡುವವಳಿದ್ದಳು. ನಿರ್ದೇಶಕಿ ಇನ್ನೊಂದು ಧಾರಾವಾಹಿಯ ಮಾತು ಶುರು ಮಾಡಿದ್ದಳು. ಅದರಲ್ಲಿ ದನಿಯಕ್ಕನಿಗೆ ಕೆಲಸವಿರಲಿಲ್ಲ. ನಾಳೆಯಿಂದ ಬರುವ ಅಗತ್ಯವಿಲ್ಲ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಮನೆಯ ಕಡೆಯ ಬಸ್ಸು ಹತ್ತಿದಳು. ಪಕ್ಕದಲ್ಲಿ ಅವಳ ವಯಸ್ಸಿನವಳೇ ಒಬ್ಬ ಹೆಂಗಸು, ತರಕಾರಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತಾ ಕೂತಿದ್ದಳು. ಗುರುತಿಲ್ಲದವರೊಡನೆ ದನಿಯಕ್ಕ ತಾನಾಗಿ ಮಾತಾಡಿದವಳಲ್ಲ.

"ಇವತ್ತು ನಾನು ಟೀವಿಲಿ ಬಂದಿದ್ದೆ" ಎಂದುಬಿಟ್ಟಳು.

ಆ ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿ, ಚೀಲವನ್ನು ಕೆಳಗಿಟ್ಟು, ಅವಳ ಕಡೆ ತಿರುಗಿ ಕೂತಳು. "ಹೌದಾ? ಯಾವುದ್ರಲ್ಲಿ? ಹೇಳಿ ಹೇಳಿ."

ದನಿಯಕ್ಕ ಗಡಿಯಾರದ ಅಂಗಡಿಯಿಂದ ಶುರು ಮಾಡಿದಳು. ಇಳಿಯಬೇಕಾಗಿದ್ದ ಸ್ಟಾಪು ಹಿಂದೆ ಹೋದದ್ದನ್ನು ನೋಡಿದಳು, ಆದರೂ ಏಳಲಿಲ್ಲ.