ಕರ್ನಲ್‌ನ ಮೊಮ್ಮಗ

ಜುಲೈ ತಿಂಗಳ ಎರಡನೆಯ ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ. ಸಿಡ್ನಿಯ ದಿ ಪಾಂಡ್ಸ್‌ನಲ್ಲಿ ನಮ್ಮ ಪಕ್ಕದ ಮನೆಯ ಅಡುಗೆಕೋಣೆ. ಹಾಜರಿದ್ದವರು ಇಬ್ಬರು: ನಾನು, ಮತ್ತು ಆ ಮನೆಯ ಒಡತಿ, ಎಂಬತ್ತೊಂದು ವರ್ಷದ ಆಸ್ಟ್ರೇಲಿಯನ್ ಹೆಂಗಸು. ಎರಡು ವರ್ಷಗಳಿಂದ ಪ್ರತಿ ಮಂಗಳವಾರ ಹತ್ತರಿಂದ ಹನ್ನೆರಡರವರೆಗೆ ಅಲ್ಲಿ ಕುಳಿತು ನಾನು ಅವರ ವಂಶವೃಕ್ಷ ಬರೆಯುತ್ತಿದ್ದೆ.

ನಾನು ಮೈಸೂರಿನ ತಾಲ್ಲೂಕು ಕಚೇರಿಯಲ್ಲಿ ದಾಖಲೆ ನೋಡಿಕೊಂಡು ನಿವೃತ್ತನಾಗಿ, ಈಗ ಇಲ್ಲಿ ಮಗಳ ಮನೆಯಲ್ಲಿರುವವನು. ಯಜಮಾನ ತೀರಿಕೊಂಡ ಮೇಲೆ ಜಮೀನು ಮಕ್ಕಳ ಹೆಸರಿಗಾಗಲು ವಂಶವೃಕ್ಷ ಬೇಕು. ಅಂಥವನ್ನು ಲೆಕ್ಕವಿಲ್ಲದಷ್ಟು ಪರಿಶೀಲಿಸಿದ್ದೇನೆ. ತಮ್ಮ ಮುತ್ತಜ್ಜನ ತಂದೆ ಬ್ರಿಟಿಷ್ ಸಿಪಾಯಿಯಾಗಿ ಸಿಡ್ನಿಗೆ ಬಂದವನು, ಅವನ ಹಿಂದೆ ಯಾರಿದ್ದರೋ ಗೊತ್ತಿಲ್ಲ ಎಂದು ಆಕೆ ಬೇಲಿಯಾಚೆಯಿಂದ ಹೇಳಿದಾಗ, ಹುಡುಕಿಕೊಡುತ್ತೇನೆ ಎಂದೆ.

ಇಂಗ್ಲೆಂಡಿನ ಕುಲೀನ ಮನೆತನಗಳ ದಪ್ಪ ಪುಸ್ತಕಗಳನ್ನೂ ಸೇನಾಧಿಕಾರಿಗಳ ಹಳೆಯ ಪಟ್ಟಿಗಳನ್ನೂ ಸಾಲು ಬಿಡದೆ ಓದಿದೆ. ಸಿಪಾಯಿಯ ಹೆಸರೇ ಇದ್ದ ಒಬ್ಬ ಕರ್ನಲ್ ಸಿಕ್ಕಿದ. ದೊಡ್ಡ ಜಹಗೀರಿನ ಮನೆಯ ಕಿರಿಯ ಮಗ, ಸಿಪಾಯಿಗಿಂತ ಐವತ್ತು ವರ್ಷಕ್ಕೂ ಹೆಚ್ಚು ಹಿರಿಯ. ನನ್ನ ಕೈ ತಾನಾಗಿ ಗೆರೆ ಎಳೆಯಿತು: ಅಜ್ಜ, ಮೊಮ್ಮಗ. ನಮ್ಮಲ್ಲಿ ಹೆಸರು ಇಳಿಯುವುದೇ ಹಾಗೆ, ಒಂದು ತಲೆಮಾರು ಬಿಟ್ಟು. ಗಂಡನ ಹೆಸರನ್ನೇ ಮಗನಿಗೂ ಇಟ್ಟರೆ ತಾಯಿಯಾದವಳು ಆ ಮಗುವನ್ನು ಬಯ್ಯುವುದಾದರೂ ಹೇಗೆ? ಇಂಗ್ಲಿಷರು ತಂದೆಯ ಹೆಸರನ್ನು ನೇರವಾಗಿ ಮಗನಿಗಿಡುವುದನ್ನು ಅದೇ ಪುಸ್ತಕಗಳಲ್ಲಿ ಎಷ್ಟೋ ಸಲ ಕಂಡಿದ್ದೆ. ಕಂಡರೂ ಕೈ ಕೇಳಲಿಲ್ಲ. ನಡುವಿನ ತಂದೆಯ ಜಾಗಕ್ಕೆ, ಪುಸ್ತಕ ಹೆಚ್ಚೇನೂ ಹೇಳದೆ ಬಿಟ್ಟಿದ್ದ ಕರ್ನಲ್‌ನ ಮಗನೊಬ್ಬನನ್ನು ತಂದು ಕೂರಿಸಿದೆ.

ಆಕೆಗೆ ಮೆಲ್ಬೋರ್ನ್‌ನ ಕ್ರಾನ್‌ಬರ್ನ್‌ನಲ್ಲಿ ಒಬ್ಬ ತಮ್ಮ, ಸೇನೆಯಲ್ಲಿದ್ದವರು. ತಾಯಿಯನ್ನು ಕೊನೆಗಾಲದಲ್ಲಿ ಯಾರು ನೋಡಿಕೊಂಡರು ಎಂಬ ಜಗಳದಲ್ಲಿ ಹತ್ತೊಂಬತ್ತು ವರ್ಷ ಇಬ್ಬರಿಗೂ ಮಾತಿರಲಿಲ್ಲ. ಕರ್ನಲ್ ಸಿಕ್ಕ ವಾರ ಆಕೆ ಧೈರ್ಯ ಮಾಡಿ ಆ ವಂಶವೃಕ್ಷದ ಹಾಳೆಯನ್ನು ತಮ್ಮನಿಗೆ ಕಳುಹಿಸಿದರು. ಅವರು ಫೋನ್ ಮಾಡಿದರು. ಆಮೇಲೆ ಪ್ರತಿ ಭಾನುವಾರ ಮಾತು. ಈ ವರ್ಷ ಅವರು ಕ್ಯಾನ್ಸರ್‌ನಿಂದ ಹಾಸಿಗೆ ಹಿಡಿದರು, ಎದುರಿನ ಗೋಡೆಗೆ ಕರ್ನಲ್ ಮನೆತನದ ಲಾಂಛನ ಹಾಕಿಸಿಕೊಂಡರು. ಅಕ್ಕ ಬಂದು ನೋಡುವುದು ಈ ಗುರುವಾರವೆಂದು ನಿಶ್ಚಯವಾಗಿತ್ತು. ಆಕೆಯ ಜೊತೆಗೆ ನಾನೂ ಹೊರಟಿದ್ದೆ.

ಹಿಂದಿನ ಬುಧವಾರ, ಇಂಗ್ಲೆಂಡಿನ ಚರ್ಚೊಂದಕ್ಕೆ ಬರೆದು ಕೇಳಿಕೊಂಡಿದ್ದ ನಾಮಕರಣದ ದಾಖಲೆಯ ನಕಲು ಬಂತು. ಸಿಪಾಯಿಯ ತಂದೆಯ ಹೆಸರೂ ಅದೇ. ವೃತ್ತಿ, ಕೂಲಿ. ವಾಸ, ದಿಕ್ಕಿಲ್ಲದವರನ್ನು ದುಡಿಸಿಕೊಂಡು ಊಟ ಹಾಕುತ್ತಿದ್ದ ಮನೆ. ಕರ್ನಲ್‌ಗೂ ಇವರಿಗೂ ಯಾವ ಸಂಬಂಧವೂ ಇಲ್ಲ.

ತಪ್ಪು ನಮೂದು ಕಂಡ ದಿನವೇ ತಿದ್ದಬೇಕು, ತಿದ್ದಿದ್ದರ ಪ್ರತಿ ಎಲ್ಲ ಪಕ್ಷಗಾರರಿಗೂ ಹೋಗಬೇಕು. ನಾನು ಹಾಗೆಯೇ ಬದುಕಿದವನು. ಅಂದು ಸಂಜೆ ಹೊಸ ಹಾಳೆ ಬರೆದೆ. ಮರುದಿನ ಬೆಳಿಗ್ಗೆ ಒಂದು ಪ್ರತಿಯನ್ನು ಕ್ರಾನ್‌ಬರ್ನ್‌ಗೆ ಅಂಚೆಗೆ ಹಾಕಿದೆ. ಇನ್ನೊಂದನ್ನು ಆಕೆಗೆಂದು ಫೈಲಿನಲ್ಲಿಟ್ಟೆ.

ಮಂಗಳವಾರ ನಾನು ಫೈಲು ಬಿಚ್ಚುವ ಮೊದಲೇ ಆಕೆಯ ಫೋನ್ ಬಂತು. ತಮ್ಮನ ಮಗಳು. ಲಕೋಟೆ ಸೋಮವಾರ ತಲುಪಿತ್ತು. ಓದಿ ಹೇಳೆಂದು ಅವರೇ ಕೇಳಿದರಂತೆ. ಕೇಳಿದ ಮೇಲೆ ಲಾಂಛನ ಇಳಿಸಲು ಹೇಳಿದರಂತೆ. ಇಷ್ಟು ವರ್ಷ ಕಾದು, ತಾನು ಸಾಯುವ ಹೊತ್ತಿಗೆ ಅಕ್ಕ ಬೇಕೆಂದೇ ಇದನ್ನು ಕಳುಹಿಸಿ ತನ್ನನ್ನು ನಗೆಗೀಡು ಮಾಡಿದಳು, ಅವಳು ಬರುವುದು ಬೇಡ ಎಂದರಂತೆ.

ಆಕೆಗೆ ಏನೂ ಅರ್ಥವಾಗಲಿಲ್ಲ. ನಾನು ಹೊಸ ಹಾಳೆಯನ್ನು ಮುಂದಿಟ್ಟು ವಿವರಿಸಿದೆ. ಆಕೆ ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದಿದರು.

"ನನಗೆ ಮೊದಲು ಯಾಕೆ ಹೇಳಲಿಲ್ಲ?"

"ಮಂಗಳವಾರ ಹೇಳೋಣ ಅಂತಿದ್ದೆ," ಎಂದೆ. ನಿಜವಾದ ಉತ್ತರ ಅದೊಂದೇ.

ನಾನೇ ಕ್ರಾನ್‌ಬರ್ನ್‌ಗೆ ಫೋನ್ ಮಾಡಿ ತಪ್ಪು ನನ್ನದು, ನಿಮ್ಮ ಅಕ್ಕನಿಗೆ ಈ ಪತ್ರದ ಸಂಗತಿಯೇ ತಿಳಿದಿರಲಿಲ್ಲ ಎಂದು ಹೇಳಹೊರಟೆ. ಅಪ್ಪ ನಿದ್ದೆಯಲ್ಲಿದ್ದಾರೆ, ದಯವಿಟ್ಟು ಮತ್ತೆ ಮಾಡಬೇಡಿ ಎಂದು ಆ ಮಗಳು ಸೌಜನ್ಯದಿಂದಲೇ ಹೇಳಿ ಇಟ್ಟಳು.

ಆಕೆ ನನ್ನ ಮೇಲೆ ರೇಗಲಿಲ್ಲ. ರೇಗಿದ್ದರೆ ಒಳ್ಳೆಯದಿತ್ತು. "ಇಷ್ಟು ದಿನ ತಮ್ಮನೂ ನಾನೂ ಆ ಕರ್ನಲ್ ವಿಷಯ ಬಿಟ್ಟು ಬೇರೇನೂ ಮಾತಾಡಿಲ್ಲ," ಎಂದರು. "ಅಮ್ಮನ ವಿಷಯ ಗುರುವಾರ ಎತ್ತಬೇಕು ಅಂತಿದ್ದೆ."

ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕುಳಿತಾಗ ಮಗಳಿಗೆ ಎಲ್ಲ ಹೇಳಿದೆ. ಅವಳು ನಾರ್ವೆಸ್ಟ್‌ನ ಆಫೀಸಿಗೆ ಹೋಗದೆ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಲ್ಯಾಪ್‌ಟಾಪ್ ಮುಚ್ಚಿ ನನ್ನನ್ನೇ ನೋಡಿದಳು.

"ಅಪ್ಪಾ, ಆ ಅಂಕಲ್ ಏನು ಖಾತೆ ಟ್ರಾನ್ಸ್‌ಫರ್‌ಗೆ ಅಪ್ಲೈ ಮಾಡಿದ್ರಾ? ಇನ್ನೊಂದು ತಿಂಗಳು ಕರ್ನಲ್ ಮೊಮ್ಮಗನಾಗೇ ಇದ್ದಿದ್ರೆ ಯಾರ ಜಮೀನು ಹೋಗ್ತಿತ್ತು?"

ಅನ್ನ ತಣ್ಣಗಾಯಿತು. ಅವಳೇ ಬಂದು ತಟ್ಟೆ ತೆಗೆದುಕೊಂಡು ಹೋದಳು.

ನಾಲ್ಕು ಗಂಟೆಗೆ ಆಕೆ ಬೇಲಿಯ ಹತ್ತಿರ ಬಂದು ನಿಂತರು. ಮತ್ತೊಮ್ಮೆ ಫೋನ್ ಮಾಡಿದ್ದರಂತೆ, ಯಾರೂ ಎತ್ತಲಿಲ್ಲವಂತೆ. ಮೆಲ್ಬೋರ್ನ್ ಟಿಕೆಟ್‌ಗಳನ್ನು ಬುಕ್ ಮಾಡಿದ್ದವನು ನಾನೇ ಆದ್ದರಿಂದ ನಾನೇ ಕ್ಯಾನ್ಸಲ್ ಮಾಡಬೇಕೆಂದು ಕೇಳಿಕೊಂಡರು. ಒಂದು ದಿನ ಕಾದು ನೋಡೋಣ ಎಂದೆ. ನನ್ನ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು. ಆಕೆ ಬೇಡವೆಂದು ತಲೆಯಾಡಿಸಿ ಒಳಗೆ ಹೋದರು.

ಕಂಪ್ಯೂಟರಿನ ಮುಂದೆ ಕುಳಿತೆ. ಮೊದಲು ಆಕೆಯ ಟಿಕೆಟ್, ಆಮೇಲೆ ನನ್ನದು. ನಾಲ್ಕೂ ಇಪ್ಪತ್ತಕ್ಕೆ ಎರಡೂ ರದ್ದಾದವು.